ನಿಮ್ಮ ಶಿಫ್ಟ್ ಪಟ್ಟಿ ಹರಿದು ಹಾಕಿ

1/8

ಮೊದಲ ಫೋಟೊ ಜೂಮ್ ಮಾಡಿ ನೋಡಿ. ಹೋದ ವರ್ಷ ಅಕ್ಟೋಬರ್ ಕಾಂಟೆಸ್ಟಿಗೆ ನಮ್ಮ ಕಾಲೇಜಿನ ಹ್ಯಾಮ್ ಕ್ಲಬ್ ಬಾಗಿಲಿಗೆ ಅಂಟಿಸಿದ್ದ ಶಿಫ್ಟ್ ಪಟ್ಟಿ ಅದು. ಹೆಸರುಗಳನ್ನ ಮುಚ್ಚಿ ಬರೀ ಬಣ್ಣ ಉಳಿಸಿದ್ದೀನಿ. ಕೆಂಪು ಅಂದ್ರೆ ಸೀನಿಯರ್‌ಗಳು, ಮೂರು ಜನ. ಹಳದಿ ಅಂದ್ರೆ ಹೊಸದಾಗಿ ಲೈಸೆನ್ಸ್ ಬಂದ ಜೂನಿಯರ್‌ಗಳು, ಐದು ಜನ.

ಈಗ ಬಣ್ಣ ಎಲ್ಲೆಲ್ಲಿ ಬಿದ್ದಿದೆ ನೋಡಿ. ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರವರೆಗೆ ಕೆಂಪೇ ಕೆಂಪು. ಶನಿವಾರವೂ ಅಷ್ಟೇ, ಭಾನುವಾರವೂ ಅಷ್ಟೇ. ರಾತ್ರಿ ಎರಡರಿಂದ ಬೆಳಗಿನ ಜಾವ ಐದರವರೆಗೆ ಬರೀ ಹಳದಿ. ಊಟ ತರೋದು, ಜನರೇಟರಿಗೆ ಡೀಸೆಲ್ ಹಾಕೋದು, ಮಳೆ ಬಂದ್ರೆ ಛಾವಣಿಗೆ ಓಡೋದು, ಎಲ್ಲಾ ಹಳದಿ.

ಬಡಿಸುವವರು ನಮ್ಮವರಾದರೆ ಕಡೇ ಪಂಕ್ತಿಯಾದರೇನು ಅಂತಾರಲ್ಲ, ಹಾಗೆ. ಇಲ್ಲಿ ಬಡಿಸುವ ಸೌಟು ಹಿಡಿದಿದ್ದವರೇ ಮೊದಲ ಪಂಕ್ತಿಯಲ್ಲೂ ಕೂತಿದ್ದರು.

ಆ ಪಟ್ಟಿ ಬರೆದಿದ್ದು ಯಾರು ಗೊತ್ತಾ? ನಾನೇ.

ಅದಕ್ಕೇ ಇದನ್ನ ಬರೀತಿದ್ದೀನಿ. ಈ ವರ್ಷದ ಪಟ್ಟಿ ಮುಂದಿನ ಸೋಮವಾರ ಅದೇ ಬಾಗಿಲಿಗೆ ಬೀಳುತ್ತೆ. ಗ್ರೂಪಿನಲ್ಲಿ ಹರಿದಾಡ್ತಿರೋ ಡ್ರಾಫ್ಟ್ ನೋಡಿದೆ. ಹೆಸರು ಬೇರೆ, ಬಣ್ಣ ಅದೇ. ಹೋದ ವರ್ಷ ಹಳದಿ ಇದ್ದವರಲ್ಲಿ ಇಬ್ಬರು ಈಗ ಕೆಂಪಾಗಿದ್ದಾರೆ, ಅವರ ಕೆಳಗೆ ಹೊಸ ಹಳದಿ ಬಂದಿದೆ. ಸೊಸೆ ಅತ್ತೆಯಾದ ತಕ್ಷಣ ಹಳೇ ಅತ್ತೆ ಹಾಗೇ ಆಡೋ ಕಥೆ ಇದು.

ನಮ್ಮ ಕ್ಲಾಸಿನವರಿಗೆ, ಜೂನಿಯರ್‌ಗಳಿಗೆ, ಬೇರೆ ಕಾಲೇಜಿನಿಂದ ಈ ಪೇಜ್ ನೋಡೋ ಹ್ಯಾಮ್ ಮಿತ್ರರಿಗೆ ಒಂದೇ ಮಾತು: ಆಂಟೆನಾ ಬಗ್ಗೆ ಆಮೇಲೆ ಜಗಳ ಆಡೋಣ. ಮೊದಲು ಆ ಪಟ್ಟಿ ಹರಿದು ಹಾಕಿ. ಯಾಕೆ ಅಂತ ಎಂಟು ಪೋಸ್ಟಿನಲ್ಲಿ ಹೇಳ್ತೀನಿ. ಓದೋ ತಾಳ್ಮೆ ಇಲ್ಲದವರು ನೇರ ಎಂಟನೆಯದಕ್ಕೆ ಹೋಗಿ, ಬೇಜಾರಿಲ್ಲ.

2/8

ಹ್ಯಾಮ್ ಅಲ್ಲದವರಿಗೆ ಮೊದಲು ಆಟದ ನಿಯಮ ಹೇಳಿಬಿಡ್ತೀನಿ. ಇದು ಗೊತ್ತಿಲ್ಲದಿದ್ರೆ ಜಗಳ ಯಾಕೆ ಅಂತ ಅರ್ಥ ಆಗಲ್ಲ.

ಸಿಕ್ಯೂ ವರ್ಲ್ಡ್ ವೈಡ್ ಅಂತ ಒಂದು ಕಾಂಟೆಸ್ಟ್ ಇದೆ. ಧ್ವನಿಯದ್ದು ಅಕ್ಟೋಬರ್‌ನ ಕೊನೇ ಪೂರ್ತಿ ವಾರಾಂತ್ಯ, ಮೋರ್ಸ್ ಕೋಡಿನದ್ದು ನವೆಂಬರ್‌ನ ಕೊನೇ ಪೂರ್ತಿ ವಾರಾಂತ್ಯ. ಒಟ್ಟು 48 ಗಂಟೆ. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗ್ಗೆ 5:30ಕ್ಕೆ ಶುರು, ಸೋಮವಾರ ಬೆಳಗ್ಗೆ 5:30ಕ್ಕೆ ಮುಗಿಯುತ್ತೆ. ಅಷ್ಟರೊಳಗೆ ಪ್ರಪಂಚದ ಎಷ್ಟು ಸ್ಟೇಷನ್‌ಗಳ ಜೊತೆ ಮಾತಾಡ್ತೀರಿ ಅನ್ನೋದೇ ಆಟ. ಮಾತು ಅಂದ್ರೆ ಹರಟೆ ಅಲ್ಲ. ಕಾಲ್ ಸೈನ್ ಹೇಳಿ, ‘ಫೈವ್ ನೈನ್, ಟ್ವೆಂಟಿ ಟೂ’ ಅಂದ್ರೆ ಮುಗೀತು. 22 ಅನ್ನೋದು ನಮ್ಮ ವಲಯದ ಸಂಖ್ಯೆ.

ಅಂಕ ಹೇಗೆ? ಬೇರೆ ಖಂಡದ ಸ್ಟೇಷನ್ ಸಿಕ್ಕರೆ 3 ಅಂಕ. ನಮ್ಮದೇ ಖಂಡದ ಬೇರೆ ದೇಶ ಸಿಕ್ಕರೆ 1. ನಮ್ಮ ದೇಶದವರೇ ಸಿಕ್ಕರೆ ಸೊನ್ನೆ. ಹೀಗೆ ಕೂಡಿದ ಮೊತ್ತವನ್ನ, ಪ್ರತಿ ಬ್ಯಾಂಡಿನಲ್ಲಿ ಸಿಕ್ಕ ದೇಶ ಮತ್ತು ವಲಯಗಳ ಒಟ್ಟು ಸಂಖ್ಯೆಯಿಂದ ಗುಣಿಸಬೇಕು. ಅವಕ್ಕೆ ನಾವು ‘ಮಲ್ಟ್’ ಅಂತೀವಿ.

ಈಗ ಗಮನಿಸಿ. ಬೆಳಗ್ಗೆ ಒಂಬತ್ತಕ್ಕೆ ಕೂತವರಿಗೆ ಜಪಾನ್ ಸಾಲುಗಟ್ಟಿ ಬರುತ್ತೆ, ತಲಾ 1 ಅಂಕ. ಮಧ್ಯಾಹ್ನ ಎರಡರ ಮೇಲೆ 15 ಮೀಟರ್, 10 ಮೀಟರ್ ಬ್ಯಾಂಡುಗಳಲ್ಲಿ ಯುರೋಪ್ ತೆರೆದುಕೊಂಡರೆ ತಲಾ 3. ಸಂಜೆ ಅಮೆರಿಕದಲ್ಲಿ ಬೆಳಗಾಗ್ತಿದ್ದ ಹಾಗೆ ಅವರೂ ಸೇರ್ಕೋತಾರೆ. ಒಮ್ಮೆ ಕರೆದರೆ ಹತ್ತು ಜನ ಒಟ್ಟಿಗೆ ಕೂಗಿ ಉತ್ತರ ಕೊಡೋ ಪೈಲ್‌ಅಪ್ ಇದೆಯಲ್ಲ, ಅದರ ಮುಂದೆ ಕೂತಾಗ ಮೈ ಜುಂ ಅನ್ನುತ್ತೆ. ಹ್ಯಾಮ್ ಆಗಿದ್ದಕ್ಕೆ ಸಾರ್ಥಕ ಅನಿಸೋ ಗಂಟೆ ಅದು.

ಅಂದ್ರೆ ಎಲ್ಲಾ ಗಂಟೆಗೂ ಅರವತ್ತೇ ನಿಮಿಷ, ಆದರೆ ಎಲ್ಲಾ ಗಂಟೆಯೂ ಒಂದೇ ಅಲ್ಲ. ಪಟ್ಟಿ ಬರೆಯೋನ ಕೈಯಲ್ಲಿ ಇರೋದು ಬರೀ ವೇಳಾಪಟ್ಟಿ ಅಲ್ಲ, ತಿಜೋರಿ ಕೀಲಿಕೈ.

3/8

ಈಗ ನಡೆದದ್ದು ಹೇಳ್ತೀನಿ. ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತೀನಿ.

ಹೋದ ವರ್ಷ ಒಬ್ಬ ಜೂನಿಯರ್ ಇದ್ದ. ಹೆಸರು ಬೇಡ. ಶುಕ್ರವಾರ ಸಂಜೆಯಿಂದ ಆಂಟೆನಾ ಎತ್ತೋದ್ರಲ್ಲಿ, ಕೋಆಕ್ಸ್ ಎಳೆಯೋದ್ರಲ್ಲಿ ಅವನೇ ಮುಂದು. ಶನಿವಾರ ಬೆಳಗ್ಗೆ ನಾಲ್ಕಕ್ಕೇ ಬಂದಿದ್ದ. ಹಗಲೆಲ್ಲಾ ಪಕ್ಕದಲ್ಲಿ ನಿಂತು ನಾವು ಪೈಲ್‌ಅಪ್ ಮಾಡೋದನ್ನ ನೋಡಿದ. ಸಂಜೆ ಒಂದು ಸಲ ಕೇಳಿದ, ‘ಅಣ್ಣಾ, ಒಂದು ಹತ್ತು ನಿಮಿಷ ಕೂತ್ಕೊಳ್ಲಾ?’ ‘ಈಗ ರೇಟ್ ಚೆನ್ನಾಗಿದೆ, ನಿಂದು ರಾತ್ರಿ ಇದೆಯಲ್ಲ’ ಅಂದ್ವಿ.

ರಾತ್ರಿ ಎರಡಕ್ಕೆ ಅವನನ್ನ ಒಬ್ಬನೇ ಕೂರಿಸಿ ನಾವು ಮಲಗಿದ್ವಿ. ಜೊತೆಗಿರಬೇಕಾದವನು ಮನೆಗೆ ಹೋಗಿದ್ದ, ಬದಲಿ ಯಾರು ಅಂತ ಪಟ್ಟಿಯಲ್ಲಿ ಇರಲಿಲ್ಲ. ಮೊದಲೇ ರೆಕಾರ್ಡ್ ಮಾಡಿಟ್ಟ ‘ಸಿಕ್ಯೂ ಕಾಂಟೆಸ್ಟ್’ ಕರೆಯನ್ನ ಕೆಲವು ಸೆಕೆಂಡಿಗೊಮ್ಮೆ ತಾನೇ ಕೂಗೋ ಹಾಗೆ ಸಾಫ್ಟ್‌ವೇರ್‌ನಲ್ಲಿ ಇಡಬಹುದು. ಅವನು ಅದನ್ನ ಹಾಕಿದ. ಮೂರು ಗಂಟೆ ದಾಟಿದ ಮೇಲೆ ಕೀಬೋರ್ಡ್ ಪಕ್ಕ ತಲೆ ಇಟ್ಟವನು ಹಾಗೇ ನಿದ್ದೆ ಹೋದ.

ಆಮೇಲೆ ಆಡಿಯೋ ಕೇಳಿದ್ವಿ. ಇಪ್ಪತ್ತು ನಿಮಿಷಕ್ಕೂ ಜಾಸ್ತಿ ನಮ್ಮ ಮಷೀನ್ ಕರೀತಾನೇ ಇತ್ತು. ದೂರದ ಯಾರೋ ಉತ್ತರ ಕೊಡ್ತಿದ್ದಾರೆ, ಮತ್ತೆ ಮತ್ತೆ ತಮ್ಮ ಕಾಲ್ ಸೈನ್ ಹೇಳ್ತಿದ್ದಾರೆ. ಅವರ ಮೇಲೇ ನಮ್ಮ ಕರೆ ಮತ್ತೆ ಕೂಗುತ್ತೆ. ಕರೆದವರು ನಾವು, ಬಂದವರನ್ನ ಕೇಳಿಸಿಕೊಳ್ಳೋಕೆ ಎಚ್ಚರ ಇರೋ ಒಬ್ಬರೂ ಇಲ್ಲ. ಕೇಳೋರಿಲ್ಲದ ಟ್ರಾನ್ಸ್‌ಮಿಟರ್ ಗಾಳಿಗೆ ಬಿಟ್ಟಿದ್ದು ಸಣ್ಣ ತಪ್ಪೂ ಅಲ್ಲ. ಯಾರಾದರೂ ದೂರು ಕೊಟ್ಟಿದ್ದರೆ ಕ್ಲಬ್ ಲೈಸೆನ್ಸಿಗೆ ಸಹಿ ಹಾಕಿದ ಮೇಷ್ಟ್ರು ಉತ್ತರ ಹೇಳಬೇಕಿತ್ತು.

ನಾವು ಏನು ಮಾಡಿದ್ವಿ? ನಿದ್ದೆಯಲ್ಲಿದ್ದವನ ಫೋಟೊ ತೆಗೆದು ಸ್ಟೋರಿ ಹಾಕಿದ್ವಿ. ಇದೇ ಅಕೌಂಟಿನಿಂದ. ಸ್ಟಿಕರ್ ಕೂಡ ಮಾಡಿದ್ವಿ. ನಿಮ್ಮಲ್ಲಿ ಎಷ್ಟೋ ಜನ ಅದಕ್ಕೆ ನಗೋ ಎಮೋಜಿ ಕಳಿಸಿದ್ರಿ.

ಒಂದು ವಾರಕ್ಕೆ ಅವನು ಗ್ರೂಪ್ ಬಿಟ್ಟ. ಈ ವರ್ಷ ಕ್ಲಬ್ ಕಡೆ ತಲೆ ಹಾಕಿಲ್ಲ. ಪರೀಕ್ಷೆ ಬರೆದು, ತಿಂಗಳುಗಟ್ಟಲೆ ಕಾದು ತಗೊಂಡ ಅವನ ಲೈಸೆನ್ಸ್ ಮನೆಯ ಬೀರುವಿನಲ್ಲಿ ಕೂತಿದೆ.

ಮಲಗಿದ್ದು ಅವನು. ತಪ್ಪು ಮಾತ್ರ ಪಟ್ಟಿಯದ್ದು.

4/8

ಇನ್ನೊಂದು ಹಳದಿ ಹೆಸರು. ಅವಳ ಅನುಮತಿ ಕೇಳಿಯೇ ಬರೀತಿದ್ದೀನಿ.

ನಮ್ಮ ಬ್ಯಾಚುಗಳಲ್ಲಿ ಅವಳಷ್ಟು ಚೆನ್ನಾಗಿ ಕಿವಿ ಇರೋರು ಇಲ್ಲ. ಗದ್ದಲದಲ್ಲಿ ಅರ್ಧ ಕಾಲ್ ಸೈನ್ ಕೇಳಿದ್ರೂ ಉಳಿದರ್ಧ ಹಿಡೀತಾಳೆ. ಆದರೆ ಪಟ್ಟಿಯಲ್ಲಿ ಅವಳಿಗೆ ಸಿಕ್ಕಿದ್ದು ಏನು? ಎರಡೂ ದಿನ ಬೆಳಗ್ಗೆ ಒಂಬತ್ತರಿಂದ ಹನ್ನೊಂದು, ಅದೂ ಪಕ್ಕದ ಕುರ್ಚಿ. ಜೊತೆಗೆ ಊಟದ ಉಸ್ತುವಾರಿ.

ಯಾಕೆ ಅಂತ ಅವಳು ಕೇಳಿದಾಗ ನಾನು ಕೊಟ್ಟ ಉತ್ತರ ಇನ್ನೂ ಚಾಟ್‌ನಲ್ಲಿದೆ: ‘ಹಾಸ್ಟೆಲ್ ಗೇಟ್ ಎಂಟೂವರೆಗೆ ಹಾಕ್ತಾರಲ್ಲ, ನಿಮಗೆ ರಾತ್ರಿ ಶಿಫ್ಟ್ ಆಗಲ್ವಲ್ಲ.’

ಕೇಳೋಕೆ ಎಷ್ಟು ಕಾಳಜಿ ಇರೋ ಮಾತು ಅಲ್ವಾ? ಈಗ ಎರಡನೇ ಪೋಸ್ಟಿಗೆ ವಾಪಸ್ ಹೋಗಿ. ಬಂಗಾರದಂಥ ಗಂಟೆಗಳು ಯಾವುವು? ಮಧ್ಯಾಹ್ನ ಎರಡರಿಂದ ಸಂಜೆ ತನಕ. ಗೇಟ್ ಹಾಕೋದು ಎಷ್ಟಕ್ಕೆ? ಎಂಟೂವರೆಗೆ. ಮಧ್ಯೆ ಆರೂವರೆ ಗಂಟೆ ಇದೆ. ಆ ಆರೂವರೆ ಗಂಟೆ ಗೇಟ್ ತೆರೆದೇ ಇತ್ತು. ಅವಳ ದಾರಿಗೆ ಅಡ್ಡ ಇದ್ದಿದ್ದು ಗೇಟ್ ಅಲ್ಲ, ಕುರ್ಚಿ ಬಿಡದ ನಾವು.

ನ್ಯಾಯವಾಗಿ ಯೋಚನೆ ಮಾಡಿದ್ರೆ ಲೆಕ್ಕ ಉಲ್ಟಾ ಆಗ್ಬೇಕು. ರಾತ್ರಿ ಇರೋಕೆ ಆಗದವರಿಗೆ ಹಗಲಿನ ಒಳ್ಳೇ ಗಂಟೆ ಮೊದಲು ಕೊಡಿ. ರಾತ್ರಿ ಇರೋಕಾಗೋರು ರಾತ್ರಿಯೂ ಕೂರಬಹುದಲ್ಲ. ನಾವು ಮಾಡಿದ್ದು ಏನಂದ್ರೆ, ರಾತ್ರಿ ಬರಲ್ಲ ಅನ್ನೋ ಕಾರಣ ಹೇಳಿ ಹಗಲನ್ನೂ ಕಿತ್ಕೊಂಡಿದ್ದು.

ಇನ್ನೂ ಒಂದಿದೆ. ಭಾನುವಾರ ಸಂಜೆ ರೇಟ್ ಬಿದ್ದಾಗ ನಮಗೆ ಅವಳ ನೆನಪಾಯ್ತು. ‘ವೈಎಲ್ ಧ್ವನಿ ಕೇಳಿದ್ರೆ ಜಾಸ್ತಿ ಜನ ಕರೀತಾರೆ, ಒಂದು ಹತ್ತು ನಿಮಿಷ ಕೂತ್ಕೊಳ್ಳಿ’ ಅಂದ್ವಿ. ವೈಎಲ್ ಅಂದ್ರೆ ಹ್ಯಾಮ್ ಭಾಷೆಯಲ್ಲಿ ಹೆಣ್ಣು ಆಪರೇಟರ್. ಅವಳು ಕೂತಳು, ಅರ್ಧ ಗಂಟೆ ಪೈಲ್‌ಅಪ್ ನಡೆಸಿದಳು. ರೇಟ್ ಮೇಲೆ ಬಂದ ತಕ್ಷಣ ನಾವು ಕುರ್ಚಿ ವಾಪಸ್ ತಗೊಂಡ್ವಿ.

ಅವಳು ಒಂದೇ ಮಾತು ಹೇಳಿದ್ದು: ‘ನನ್ನ ಗಂಟಲು ಬೇಕು, ಲೈಸೆನ್ಸ್ ಬೇಡ.’

5/8

ಈಗ ನಿಮ್ಮ ಉತ್ತರ ನಂಗೆ ಗೊತ್ತು. ಕಾಮೆಂಟಿನಲ್ಲಿ ಟೈಪ್ ಮಾಡೋಕೆ ಶುರು ಮಾಡಿದ್ದೀರಿ. ‘ಇದು ಕಾಂಟೆಸ್ಟ್ ಕಣ್ರೀ, ತರಬೇತಿ ಶಿಬಿರ ಅಲ್ಲ. ಹೊಸಬರನ್ನ ಕೂರಿಸಿದ್ರೆ ಸ್ಕೋರ್ ಬೀಳುತ್ತೆ.’

ಬೀಳುತ್ತೆ. ಒಪ್ತೀನಿ. ಅದನ್ನ ಮುಚ್ಚಿಟ್ಟು ವಾದ ಮಾಡಲ್ಲ. ಅನುಭವ ಇರೋರು ಒಂದು ಗಂಟೆಯಲ್ಲಿ ಮಾಡಿದಷ್ಟನ್ನ ಹೊಸಬರು ಮಾಡಲ್ಲ. ಈ ವರ್ಷ ಸ್ಕೋರ್ ಸ್ವಲ್ಪ ಕಮ್ಮಿ ಬರಬಹುದು.

ಆದರೆ ನಾವು ಯಾರ ಜೊತೆ ಸ್ಪರ್ಧೆ ಮಾಡ್ತಿದ್ದೀವಿ? ಲ್ಯಾಬ್ ಛಾವಣಿ ಮೇಲೆ ಒಂದು ಟ್ರೈಬ್ಯಾಂಡರ್, ನೀರಿನ ಟ್ಯಾಂಕಿನಿಂದ ಮರಕ್ಕೆ ಕಟ್ಟಿದ ಎರಡು ಡೈಪೋಲ್. ಪ್ರಪಂಚದ ದೊಡ್ಡ ಕಾಂಟೆಸ್ಟ್ ಸ್ಟೇಷನ್‌ಗಳು ಒಂದೊಂದು ಬ್ಯಾಂಡಿಗೂ ಬೇರೆ ಬೇರೆ ಟವರ್ ನಿಲ್ಲಿಸಿ ಕೂತಿರ್ತವೆ. ನಾವು ಮೊದಲ ಸ್ಥಾನ ಬಿಟ್ಟುಕೊಡ್ತಿಲ್ಲ, ಅದು ನಮ್ಮ ಹತ್ರ ಇರಲೇ ಇಲ್ಲ.

ನಿಜವಾದ ಸಾಮರ್ಥ್ಯ ಅಳೆಯೋ ಪಂದ್ಯ ಬೇಕಾದ್ರೆ ಡಬ್ಲ್ಯುಆರ್‌ಟಿಸಿ ನೋಡಿ, ಹ್ಯಾಮ್‌ಗಳ ವಿಶ್ವ ತಂಡ ಚಾಂಪಿಯನ್‌ಶಿಪ್. 1990ರಲ್ಲಿ ಸಿಯಾಟಲ್‌ನಲ್ಲಿ ಶುರುವಾಯ್ತು. 2018ರಲ್ಲಿ ಜರ್ಮನಿಯ ವಿಟೆನ್‌ಬರ್ಗ್ ಸುತ್ತಮುತ್ತ ನಡೀತು. ಅಲ್ಲಿ ಎಲ್ಲರಿಗೂ ಒಂದೇ ಥರದ ಆಂಟೆನಾ, ಒಂದೇ ಮಿತಿಯ ಪವರ್. ತಂಡ ಅಂದ್ರೆ ಇಬ್ಬರು, ಆಟ 24 ಗಂಟೆ. ಸಲಕರಣೆ ಸಮ ಮಾಡಿದ ಮೇಲೆ ಉಳಿಯೋದು ಆ ಇಬ್ಬರ ಹೊಂದಾಣಿಕೆ. ಒಬ್ಬ ಕೈ ಚೆಲ್ಲಿದರೆ ಇಬ್ಬರೂ ಸೋತ ಹಾಗೆ. ಒಬ್ಬ ಹೀರೋ, ಉಳಿದವರು ಸಪ್ಲೈಯರ್ ಅನ್ನೋ ತಂಡಕ್ಕೆ ಅಲ್ಲಿ ಜಾಗ ಇಲ್ಲ.

ಇನ್ನೊಂದು ಲೆಕ್ಕ. ಕಾಲೇಜ್ ಕ್ಲಬ್ಬಿನಲ್ಲಿ ಯಾರೂ ನಾಲ್ಕು ವರ್ಷಕ್ಕಿಂತ ಜಾಸ್ತಿ ಇರಲ್ಲ. ನಾನು ಮುಂದಿನ ಜೂನ್‌ನಲ್ಲಿ ಹೊರಗೆ. ನನ್ನ ಕೈಯಲ್ಲಿರೋ ರೇಟ್ ನನ್ನ ಜೊತೆಗೇ ಬಸ್ ಹತ್ತುತ್ತೆ. ಈ ವರ್ಷ ಪೈಲ್‌ಅಪ್ ಮುಂದೆ ತಡವರಿಸಿ ಕಲಿತವರು ಮಾತ್ರ ಮುಂದಿನ ವರ್ಷ ಈ ಸ್ಟೇಷನ್ ಓಡಿಸ್ತಾರೆ. ಅವರನ್ನ ತಯಾರು ಮಾಡದೆ ಬಿಟ್ಟು ಹೋದ್ರೆ ರಿಗ್ ಮೇಲೆ ಬಟ್ಟೆ ಮುಚ್ಚಿ ಬೀಗ ಹಾಕ್ತಾರೆ. ಅಂಥ ಬೀಗ ಬಿದ್ದ ಕ್ಲಬ್ ರೂಮ್ ನಿಮ್ಮ ಊರಿನ ಕಾಲೇಜಿನಲ್ಲೂ ಒಂದು ಇದ್ದೀತು, ಹುಡುಕಿ ನೋಡಿ.

6/8

‘ರಾತ್ರಿ ಶಿಫ್ಟ್ ಯಾರಾದರೂ ಮಾಡಲೇಬೇಕಲ್ಲ?’ ಹೌದು. ಆದರೆ ಅದನ್ನ ಶಿಕ್ಷೆ ಅಂತ ಹಂಚೋರಿಗೆ ರೇಡಿಯೊನೇ ಅರ್ಥ ಆಗಿಲ್ಲ ಅಂತೀನಿ.

ನಮಗೆ ರಾತ್ರಿ ಎರಡು ಗಂಟೆ ಅಂದ್ರೆ ಯುರೋಪಿನಲ್ಲಿ ಆಗ ತಾನೇ ರಾತ್ರಿ ಇಳಿದಿರುತ್ತೆ. ಅಲ್ಲಿಯವರೆಲ್ಲಾ ಎಚ್ಚರ. 10, 15 ಮೀಟರ್ ಸತ್ತಿದ್ರೂ 40 ಮತ್ತು 80 ಮೀಟರ್ ಜೀವಂತ. ಹಗಲಿನಲ್ಲಿ ಈ ಬ್ಯಾಂಡುಗಳ ಸಿಗ್ನಲ್‌ಗಳನ್ನ ಅಯಾನುಗೋಳದ ಕೆಳಪದರ ನುಂಗಿಬಿಡುತ್ತೆ. ಕತ್ತಲಾದ ಮೇಲೆ ಆ ಪದರ ಕರಗಿ ದೂರದವರು ಕೇಳಿಸ್ತಾರೆ. ಸೂರ್ಯ ಹುಟ್ಟೋಕೆ ಸ್ವಲ್ಪ ಮುಂಚಿನ ಹೊತ್ತಂತೂ ಕೆಳಬ್ಯಾಂಡುಗಳಿಗೆ ಹಬ್ಬ. ದೀಪಾವಳಿ ಹತ್ರ ಇದ್ರೆ ಬೀದಿಯ ಸೀರಿಯಲ್ ಲೈಟುಗಳ ಗುಂಯ್ ಸದ್ದು ಆ ಹೊತ್ತಿಗೆ ಆರಿರುತ್ತೆ. 80 ಮೀಟರ್‌ನಲ್ಲಿ ಸಿಗೋ ಒಂದೊಂದು ಹೊಸ ದೇಶವೂ ಮಲ್ಟ್. ಅದು ಬರೀ 3 ಅಂಕ ಅಲ್ಲ, ಇಡೀ ಮೊತ್ತವನ್ನೇ ಮೇಲೆತ್ತುತ್ತೆ.

ಆದ್ದರಿಂದಲೇ ಆ ಹೊತ್ತಿಗೆ ಬೇಕಾಗಿರೋದು ನಿದ್ದೆ ಮಾಡಿ ಎದ್ದ ಕಿವಿ, ಜೊತೆಗೆ ಒಬ್ಬ ಅನುಭವಸ್ಥ. ನಾವು ಕೂರಿಸಿದ್ದು ಇಪ್ಪತ್ತೆರಡು ಗಂಟೆ ಎದ್ದಿದ್ದ, ಒಂಟಿ, ಹೊಸ ಹುಡುಗನನ್ನ.

ನಿದ್ದೆಗೆಟ್ಟ ಕಿವಿ ಸುಳ್ಳು ಹೇಳುತ್ತೆ. ಬೆಳಗಿನ ಜಾವ ನಾಲ್ಕಕ್ಕೆ ‘ಬಿ’, ‘ಡಿ’, ‘ಇ’ ಎಲ್ಲಾ ಒಂದೇ. ತಪ್ಪು ಕಾಲ್ ಸೈನ್ ಲಾಗ್ ಆದ್ರೆ ತಪಾಸಣೆಯಲ್ಲಿ ಆ ಸಂಪರ್ಕವೂ ಹೋಗುತ್ತೆ, ಮೇಲೆ ದಂಡವೂ ಬೀಳುತ್ತೆ. ಅಂದ್ರೆ ಸುಸ್ತಾದ ಆಪರೇಟರ್ ಸುಮ್ಮನೆ ಕೂತಿದ್ದರೇ ಲಾಭ. ‘ನಾನು 30 ಗಂಟೆ ಮಲಗದೆ ಆಪರೇಟ್ ಮಾಡಿದೆ’ ಅಂತ ಎದೆ ತಟ್ಟಿಕೊಳ್ಳೋ ಅಣ್ಣಂದಿರಿಗೂ ಈ ಮಾತು ಅನ್ವಯ ಆಗುತ್ತೆ. ತಂಡ ಇರೋದೇ ಯಾರೂ ಹಾಗೆ ಮಾಡಬಾರದು ಅಂತ.

ಸೋಮವಾರ 5:30ಕ್ಕೆ ಕಾಂಟೆಸ್ಟ್ ಮುಗಿಯುತ್ತೆ. ಒಂಬತ್ತಕ್ಕೆ ಕ್ಲಾಸು. ಕೊನೇ ರಾತ್ರಿ ಕೂತವನು ನಿದ್ದೆಗಣ್ಣಲ್ಲಿ ಬೈಕ್ ಹತ್ತಿ ರಿಂಗ್ ರೋಡಿನಲ್ಲಿ ಮನೆಗೆ ಹೋಗ್ತಾನೆ. ಅದೂ ನಿಮ್ಮ ಪಟ್ಟಿಯದೇ ಒಂದು ಭಾಗ, ಬರೆದಿಲ್ಲ ಅಷ್ಟೇ.

7/8

ಸ್ವಲ್ಪ ದೂರ ಹೋಗಿ ಬರೋಣ.

2004ರ ಡಿಸೆಂಬರ್. ಭಾರತಿ ಪ್ರಸಾದ್ ಅನ್ನೋ ಹ್ಯಾಮ್ ಒಂದು ತಂಡ ಕಟ್ಟಿಕೊಂಡು ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಕಾಲ್ ಸೈನ್ ವಿಯು4ಆರ್‌ಬಿಐ. ಅಂಡಮಾನ್‌ನಿಂದ ಹ್ಯಾಮ್ ಸಿಗ್ನಲ್ ಬರೋದು ಆಗ ತುಂಬಾ ಅಪರೂಪ. ಪ್ರಪಂಚದ ಹ್ಯಾಮ್‌ಗಳೆಲ್ಲಾ ಮುಗಿಬಿದ್ದು ಕರೀತಿದ್ದರು. ನಾವು ಕನಸು ಕಾಣೋ ಪೈಲ್‌ಅಪ್ ಅದು. ಡಿಸೆಂಬರ್ 26ರ ಬೆಳಗ್ಗೆ ಭೂಕಂಪ, ಹಿಂದೆಯೇ ಸುನಾಮಿ. ಅದೇ ತಂಡ, ಅದೇ ರೇಡಿಯೊ. ಪೈಲ್‌ಅಪ್ ಬಿಟ್ಟು ತುರ್ತು ಸಂದೇಶಗಳನ್ನ ಮುಖ್ಯಭೂಮಿಗೆ ಮುಟ್ಟಿಸೋ ಕೆಲಸಕ್ಕೆ ಇಳಿದರು.

ಕ್ಲಬ್ ಉದ್ಘಾಟನೆಯ ಭಾಷಣಗಳಲ್ಲಿ ನಾವೆಲ್ಲಾ ಈ ಕಥೆ ಹೇಳ್ತೀವಿ. ಪ್ರಿನ್ಸಿಪಾಲರ ಹತ್ರ ದುಡ್ಡು ಕೇಳುವಾಗಲೂ ಹೇಳ್ತೀವಿ. ‘ವಿಪತ್ತು ಬಂದಾಗ ಮೊಬೈಲ್ ಸತ್ತರೂ ಹ್ಯಾಮ್ ಬದುಕಿರುತ್ತೆ ಸಾರ್.’

ಸರಿ. ಒಂದು ಪ್ರಶ್ನೆ. ನಾಳೆ ಮಳೆ ಬಂದು ಗುಡ್ಡ ಕುಸಿದು ಕೊಡಗಿನಲ್ಲೋ ಮಲೆನಾಡಿನಲ್ಲೋ ಫೋನ್ ಸತ್ತು ನಮ್ಮನ್ನ ಕರೆದರು ಅಂತಿಟ್ಟುಕೊಳ್ಳಿ. ವಿಪತ್ತು 48 ಗಂಟೆಗೆ ಮುಗಿಯಲ್ಲ. ಸೀಟಿ ಊದಿ ನಿಲ್ಲಿಸೋಕಾಗಲ್ಲ. ಆಗ ಎಷ್ಟು ಜನ ಬೇಕು? ಎಂಟು ಜನರಲ್ಲಿ ಮೂರು ಜನಕ್ಕೆ ಮಾತ್ರ ಮೈಕ್ ಮುಂದೆ ಕೂತು ಅಭ್ಯಾಸ ಇದ್ದರೆ, ಎರಡನೇ ದಿನ ರಾತ್ರಿ ಮೂರಕ್ಕೆ ಬರೋ ಸಂದೇಶ ಯಾರು ಬರ್ಕೋತಾರೆ? ಕೀಬೋರ್ಡ್ ಪಕ್ಕ ತಲೆ ಇಟ್ಟು ಮಲಗಿದವನಾ?

ಶಿಫ್ಟ್ ಬದಲಾಯಿಸೋದು, ಹಿಂದಿನವರು ಬಿಟ್ಟ ಕೆಲಸ ಮುಂದಿನವರು ಕೈತಪ್ಪದೆ ಎತ್ತಿಕೊಳ್ಳೋದು, ಸುಸ್ತಾದವರನ್ನ ಗುರುತಿಸಿ ಎಬ್ಬಿಸಿ ಕಳಿಸೋದು, ಇವೆಲ್ಲಾ ಕಲಿಯೋಕೆ ಕಾಂಟೆಸ್ಟಿಗಿಂತ ಒಳ್ಳೇ ಜಾಗ ಇಲ್ಲ. ಅಂತಾರಾಷ್ಟ್ರೀಯ ರೇಡಿಯೊ ನಿಯಮಾವಳಿ ಹವ್ಯಾಸಿ ರೇಡಿಯೊಗೆ ಕೊಡೋ ವ್ಯಾಖ್ಯೆಯಲ್ಲಿ ಮೂರು ಉದ್ದೇಶ ಇವೆ. ಮೊದಲನೆಯದೇ ಸ್ವಯಂ ತರಬೇತಿ. ಸಂಪರ್ಕ, ತಾಂತ್ರಿಕ ಸಂಶೋಧನೆ ಆಮೇಲೆ. ಟ್ರೋಫಿ ಅದರಲ್ಲಿ ಎಲ್ಲೂ ಇಲ್ಲ.

‘ತರಬೇತಿ ಶಿಬಿರ ಅಲ್ಲ’ ಅಂದ್ರಲ್ಲ? ನಿಮ್ಮ ಲೈಸೆನ್ಸ್ ಇರೋದೇ ಅದಕ್ಕೆ.

8/8

ಹರಿಯೋದು ಸುಲಭ, ಬರೆಯೋದು ಕಷ್ಟ ಅಂತೀರಾ? ಕೊನೇ ಫೋಟೊ ನೋಡಿ. ಹೊಸ ಪಟ್ಟಿ ಬರೆದಿದ್ದೀನಿ. ಕದ್ಕೊಳ್ಳಿ.

ಲೆಕ್ಕ ಇಷ್ಟೇ. 48 ಗಂಟೆ, ಎರಡು ಕುರ್ಚಿ. ಒಂದರಲ್ಲಿ ನಿಂತು ಕರೆಯೋರು, ಅದು ರನ್ ಕುರ್ಚಿ. ಇನ್ನೊಂದರಲ್ಲಿ ಹೊಸ ದೇಶ ಹುಡುಕೋರು, ಅದು ಮಲ್ಟ್ ಕುರ್ಚಿ. ಒಟ್ಟು 96 ಗಂಟೆ. ಎಂಟು ಜನ ಅಂದ್ರೆ ತಲಾ 12. ದಿನಕ್ಕೆ ಆರು, ಎರಡೆರಡು ಗಂಟೆಯ ಮೂರು ಶಿಫ್ಟ್. ಯಾರೂ ಸಾಯಬೇಕಿಲ್ಲ.

ಒಂದು: ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರೊಳಗೆ ಪ್ರತಿಯೊಬ್ಬ ಲೈಸೆನ್ಸ್ ಇರೋ ಸದಸ್ಯರಿಗೂ ರನ್ ಕುರ್ಚಿಯಲ್ಲಿ ಕನಿಷ್ಠ ಒಂದು ಗಂಟೆ. ಎರಡು ದಿನ ಸೇರಿ ಅಂಥ 14 ಗಂಟೆ ಇವೆ. ಎಂಟು ಹಂಚಿದ್ರೂ ಆರು ಉಳಿಯುತ್ತೆ, ಅದನ್ನ ಸೀನಿಯರ್‌ಗಳು ತಗೊಳ್ಳಲಿ. ಹಾಸ್ಟೆಲ್ ಗೇಟ್ ಇರೋರು ಮೊದಲು ಆರಿಸ್ಕೊಳ್ಳಲಿ.

ಎರಡು: ರಾತ್ರಿ ಯಾರೂ ಒಂಟಿ ಇಲ್ಲ. ಒಬ್ಬ ಹಳಬ, ಒಬ್ಬ ಹೊಸಬ. ಆ ಶಿಫ್ಟಿಗೆ ಮುಂಚಿನ ಐದು ಗಂಟೆ ಇಬ್ಬರಿಗೂ ನಿದ್ದೆ ಅಂತಲೇ ಪಟ್ಟಿಯಲ್ಲಿ ಬರೆಯಿರಿ.

ಮೂರು: ಪ್ರತಿ ಶಿಫ್ಟಿಗೂ ಬದಲಿ ಹೆಸರು. ಹತ್ತು ನಿಮಿಷ ಮುಂಚೆ ಬಂದು ಪಕ್ಕ ಕೂತು ಹೆಡ್‌ಫೋನ್ ಹಾಕ್ಕೊಳ್ಳಿ. ಯಾವ ಬ್ಯಾಂಡ್, ಯಾರು ಬರ್ತಿದ್ದಾರೆ, ಯಾವ ಮಲ್ಟ್ ಬಾಕಿ ಅಂತ ಕೇಳ್ಕೊಂಡು ಕುರ್ಚಿ ಬದಲಿಸಿ. ಎನ್‌1ಎಂಎಂನಲ್ಲಿ ಕಂಟ್ರೋಲ್-ಓ ಒತ್ತಿ ನಿಮ್ಮ ಕಾಲ್ ಸೈನ್ ಹಾಕೋದು ಮರೀಬೇಡಿ. ಯಾರಿಗೆ ಎಷ್ಟು ಗಂಟೆ ಸಿಕ್ತು ಅನ್ನೋದು ಆಮೇಲೆ ಲಾಗ್ ಹೇಳುತ್ತೆ, ಬಾಯಿ ಮಾತಲ್ಲ.

ನಾಲ್ಕು: ಊಟ, ಡೀಸೆಲ್, ಕಸ ಗುಡಿಸೋದು ಅದೇ ಪಟ್ಟಿಯಲ್ಲಿ, ಎಲ್ಲರ ಹೆಸರಿಗೂ. ರಾತ್ರಿ ಕೂತವರು ಬೈಕ್ ಹತ್ತೋ ಹಾಗಿಲ್ಲ, ಅಲ್ಲೇ ಮಲಗಿ ಎದ್ದು ಹೋಗಲಿ.

ಐದು: ಪಟ್ಟಿ ಒಬ್ಬರೇ ಬರೆಯೋ ಹಾಗಿಲ್ಲ. ಬರೆಯೋರಲ್ಲಿ ಒಬ್ಬರು ಹಳದಿ ಇರಲೇಬೇಕು.

ನಾವು ಕಳಿಸೋ ಲಾಗ್ ಫೈಲಿನಲ್ಲಿ ಆಪರೇಟರ್‌ಗಳು ಅಂತ ಒಂದು ಸಾಲಿದೆ. ಅಲ್ಲಿ ಕಾಲ್ ಸೈನ್‌ಗಳು ಒಂದರ ಪಕ್ಕ ಒಂದು, ಒಂದೇ ಗಾತ್ರದ ಅಕ್ಷರದಲ್ಲಿ ಕೂರುತ್ತವೆ. ಸೀನಿಯರ್, ಜೂನಿಯರ್ ಅಂತ ಬಣ್ಣ ಇಲ್ಲ.

ಹೋದ ವರ್ಷದ ಆ ಸ್ಟೋರಿಗೆ ಅವನ ಹತ್ರ ಕ್ಷಮೆ ಕೇಳಿದ್ದೀನಿ, ಈ ಪೋಸ್ಟ್ ಹಾಕೋ ಮುಂಚೆ ಅವನ ಮನೆಗೇ ಹೋಗಿ. ‘ನೋಡೋಣ ಅಣ್ಣ’ ಅಂದ, ಅಷ್ಟೇ. ಹೊಸ ಪಟ್ಟಿಯಲ್ಲಿ ಶನಿವಾರ ಸಂಜೆ ಐದರಿಂದ ಆರು, ರನ್ ಕುರ್ಚಿ, ಒಂದು ಮನೆ ಖಾಲಿ ಬಿಟ್ಟಿದ್ದೀನಿ. ಅವನು ಬರಲಿ, ಬಿಡಲಿ, ಆ ಗಂಟೆಗೆ ನನ್ನ ಹೆಸರು ಬರೆಯಲ್ಲ. ಬಾರದಿದ್ರೆ ಇನ್ನೊಬ್ಬ ಜೂನಿಯರ್ ಕೂರಲಿ.

ಸೋಮವಾರ ಬಾಗಿಲ ಹತ್ರ ಸಿಗೋಣ. ಪೆನ್ ತಗೊಂಡು ಬನ್ನಿ. 73.

#ಹ್ಯಾಮ್‌ರೇಡಿಯೊ #ಶಿಫ್ಟ್‌ಪಟ್ಟಿ #ಕಾಲೇಜ್‌ಕ್ಲಬ್ #ರನ್‌ಕುರ್ಚಿಎಲ್ಲರಿಗೂ